ಮೋಡವಿಲ್ಲದ ದಿನ ಕೋಳಿಗಳು ಅಡಗಿದ್ದು

ಬುಧವಾರ, ಮಧ್ಯಾಹ್ನ

ಮುನಿಸಿಕೊಂಡು ಅಕ್ಕನ ಮನೆ ಸೇರಿರುವ ಹೆಂಚಿನ ಮೇಸ್ತ್ರಿಗಳಿಗೆ, ಮನೆಯವಳ ನಮಸ್ಕಾರ.

ಇದು ರಾಜಿಯ ಪತ್ರವಲ್ಲ, ಮೊದಲೇ ಹೇಳಿಬಿಡುತ್ತೇನೆ. ಕೋಳಿಗಳ ವಿಷಯಕ್ಕೆ ಬರೆಯುತ್ತಿದ್ದೇನೆ. ಸೋಮವಾರ ಮಟಮಟ ಮಧ್ಯಾಹ್ನ ನಾಲ್ಕೂ ಕೋಳಿಗಳು ಅರಚಿಕೊಂಡು ಓಡಿ ಬಟ್ಟೆ ಒಗೆಯುವ ಕಲ್ಲಿನ ಕೆಳಗೆ ನುಗ್ಗಿದವು. ಆಕಾಶದಲ್ಲಿ ಹುಡುಕಿದರೂ ಒಂದು ಮೋಡವಿಲ್ಲ. ಆಮೇಲೆ ಗೂಡು ಸೇರಿದವು, ಇವತ್ತಿನವರೆಗೂ ಹಿತ್ತಲಿಗೆ ಕಾಲಿಟ್ಟಿಲ್ಲ. ಕುಂಟಿ ಮಾತ್ರ ಗೂಡಿನ ಬಾಗಿಲಲ್ಲಿ ನಿಂತು, ಕತ್ತು ಓರೆ ಮಾಡಿ ಮೇಲೆ ನೋಡಿ, ಮತ್ತೆ ಒಳಗೆ ಹೋಗುತ್ತಾಳೆ. ಕಾಳು ಎರಚಿದರೆ ನಮ್ಮ ದಪ್ಪನೆಯ ಮೇಡಂ ಕೂಡ ಬರುತ್ತಿಲ್ಲ. ಅವಳು ತಿನ್ನುವುದನ್ನು ಬಿಟ್ಟಿದ್ದು ನೀವು ಯಾವತ್ತಾದರೂ ಕಂಡಿದ್ದೀರಾ?

ಕೋಳಿ ಹೊತ್ತಿಗೆ ಮುಂಚೆ ಒಳಗೆ ಹೋದರೆ ದೊಡ್ಡ ಮಳೆ ಎನ್ನುವವರು ನೀವೇ. ನಾವು ಜಗಳವಾಡಿದ ದಿನವೂ ಅದನ್ನೇ ನಂಬಿ, ಸುಡುಬಿಸಿಲಲ್ಲಿ ಕೆಲಸ ನಿಲ್ಲಿಸಿ ಮನೆಯಲ್ಲಿ ಕೂತಿರಿ. ಒಂದು ಹನಿ ಬೀಳಲಿಲ್ಲ, ಕೆಲಸ ಇನ್ನೊಬ್ಬರ ಪಾಲಾಯಿತು. ಕೋಳಿ ಮಾತು ಕೇಳ್ತೀರ, ನನ್ನ ಮಾತು ಕೇಳಲ್ಲ ಅಂದೆ. ಕೋಳಿ ತಿರುಗಿ ಮಾತಾಡಲ್ಲ ಅಂದಿರಿ. ಇಬ್ಬರಲ್ಲಿ ಒಬ್ಬರು ನಕ್ಕಿದ್ದರೂ ಅಲ್ಲಿಗೆ ಮುಗಿಯುತ್ತಿತ್ತು. ನೀವು ಚೀಲ ತೆಗೆದುಕೊಂಡಿರಿ, ನಾನು ತಲೆ ಎತ್ತದೆ ಹೊಲಿಗೆ ಯಂತ್ರ ತುಳಿಯುತ್ತಲೇ ಇದ್ದೆ.

ಈಗ ವಿಷಯ ಏನೆಂದರೆ, ಅಡುಗೆಮನೆಯ ಮೇಲಿನ ಹೆಂಚೊಂದು ಜಾರಿದೆ. ಬಿಸಿಲು ನೇರ ಒಲೆಯ ಮೇಲೇ ಬೀಳುತ್ತಿದೆ. ರೇಡಿಯೋದವರು ವಾರವಿಡೀ ಒಣಹವೆ ಅನ್ನುತ್ತಾರೆ. ನಾನು ಈ ಸಲ ಕೋಳಿಗಳ ಕಡೆ. ಎದುರಿನ ಕ್ಷೌರದಂಗಡಿಯವರು, ಬೇರೆ ಯಾರನ್ನಾದ್ರೂ ಕಳಿಸ್ಲಾ ಎಂದು ಕೇಳಿದರು. ಮೇಸ್ತ್ರಿ ಮನೆ ಹೆಂಚಿಗೆ ಬೇರೆಯವರು ಕೈ ಹಾಕಿದ್ರೆ ಮರ್ಯಾದೆ ಏನಾಗುತ್ತೆ, ಇವತ್ತೋ ನಾಳೆಯೋ ಬಂದುಬಿಡ್ತಾರೆ ಅಂದೆ. ನಿಮ್ಮ ಮರ್ಯಾದೆ ಉಳಿಸಿದ್ದೇನೆ, ನೆನಪಿರಲಿ.

ನಾನು ಚೆನ್ನಾಗಿದ್ದೇನೆ. ಕೈತುಂಬ ಹೊಲಿಗೆ ಇದೆ. ಇಬ್ಬರಿಗಾಗುವಷ್ಟು ಅಡುಗೆ ಮಾಡುವ ಚಾಳಿ ಮಾತ್ರ ಇನ್ನೂ ಬಿಟ್ಟಿಲ್ಲ. ಉಳಿದದ್ದನ್ನು ಹಿತ್ತಲಿಗೆ ಒಯ್ದು, ಕೋಳಿಗಳ ಜೊತೆ ನಾಲ್ಕು ಮಾತಾಡಿ ಬರುತ್ತಿದ್ದೆ. ಈಗ ಅವೂ ಹೊರಗೆ ಬರುವುದಿಲ್ಲ. ಸಂಜೆ ಯಂತ್ರ ನಿಲ್ಲಿಸಿದೆನೆಂದರೆ ಮನೆಯಲ್ಲಿ ಸದ್ದೆನ್ನುವುದೇ ಇಲ್ಲ. ಆ ಹೊತ್ತನ್ನು ಕಳೆಯುವುದು ನನ್ನ ಕೈಲಿ ಆಗುತ್ತಿಲ್ಲ.

ಅತ್ತಿಗೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ,
ಕೋಳಿಗಳನ್ನೂ ಸೂರನ್ನೂ ಕಾಯುತ್ತಿರುವ
ನಿಮ್ಮ ಮನೆಯವಳು

ಇನ್ನೊಂದು ಮಾತು: ಹೆಂಚು ತಾನಾಗಿ ಜಾರಿದ್ದಲ್ಲ. ಸೋಮವಾರ ಏಣಿ ಹಾಕಿ ಹತ್ತಿ ನಾನೇ ಸರಿಸಿದೆ. ಮೊಳೆಗೆ ನೇತುಹಾಕಿದ್ದ ನಿಮ್ಮ ಕೆಲಸದ ಅಂಗಿ ತೊಟ್ಟಿದ್ದೆ, ಅದು ಗಾಳಿಗೆ ಎರಡೂ ಕಡೆ ಹರಡಿಕೊಂಡಿತು. ಕೆಳಗಿದ್ದ ಕೋಳಿಗಳು ಹದ್ದು ಬಂತೆಂದು ಓಡಿದ್ದು, ಮಳೆಗಲ್ಲ. ಮೇಲಿನಿಂದ ಬಸ್ ನಿಲ್ದಾಣದವರೆಗೂ ರಸ್ತೆ ಕಾಣುತ್ತದೆ ಎಂದು ನೀವು ಯಾವತ್ತೂ ಹೇಳಿರಲಿಲ್ಲ. ಬಹಳ ಹೊತ್ತು ಅಲ್ಲೇ ಕೂತಿದ್ದೆ. ಹೆಂಚು ಸರಿಸಿದ್ದೇನೋ ಸರಿ, ಮತ್ತೆ ಕೂರಿಸಲು ಬರುತ್ತಿಲ್ಲ. ಆದರೆ ನಾನು ಕೆಳಗಿಳಿದು ಎರಡು ದಿನವಾಯಿತು, ಹದ್ದಿಗೆ ಹೆದರಿದ ಕೋಳಿ ಇಷ್ಟು ಹೊತ್ತು ಅಡಗಿರುತ್ತದೆಯೇ? ಇದನ್ನು ಬರೆಯುತ್ತಿರುವಾಗಲೇ ಒಲೆಯ ಮೇಲೆ ಚುಯ್ ಎಂದಿತು. ಹೋಗಿ ನೋಡಿದೆ, ಹನಿ. ಏಣಿ ತೆಗೆದಿಲ್ಲ, ಬನ್ನಿ.