ಬಂಡೆ ಅಲ್ಲಾಡುವುದಿಲ್ಲ

ಜಯನಗರ ೪ನೇ ಬ್ಲಾಕ್, ಬೆಂಗಳೂರು
೨೮ ಜನವರಿ ೧೯೬೮

ಪ್ರಿಯ ಶಾಮಣ್ಣ,

ಶರಣು. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲವೆಂದು ಕೋಪ ಮಾಡಿಕೊಂಡಿರುತ್ತೀಯೆ. ಮಾಡಿಕೋ. ಗಿರಿಜಾ ಹೋದ ಸುದ್ದಿ ಕೇಳಿ ನೀನು ಬರೆದ ಮೊದಲನೆಯದಕ್ಕೆ ಏನು ಬರೆಯಬೇಕೋ ತಿಳಿಯಲಿಲ್ಲ. ಎರಡನೆಯದನ್ನು ಓದಿ ಮೈಯೆಲ್ಲ ಉರಿಯಿತು. ತಿಪಟೂರಿನ ನಿನ್ನ ಸ್ಕೂಲಿಗೆ ಬಂದು 'ಭೂಕಂಪ ಏಕೆ ಆಗುತ್ತದೆ' ಎಂದು ಮಕ್ಕಳಿಗೆ ಪಾಠ ಹೇಳಬೇಕೆ? ಕೊಯ್ನಾದ ಭೂಕಂಪದಲ್ಲಿ ಮಗಳನ್ನು ಕಳೆದುಕೊಂಡು ಐವತ್ತು ದಿನ ಆಗಿಲ್ಲ! ಹೆಡ್‌ಮಾಸ್ಟರಾದ ಮೇಲೆ ಇವನ ಬುದ್ಧಿ ಎಲ್ಲಿ ಹೋಯಿತು ಎಂದು ಬೈದುಕೊಂಡೆ. ನನ್ನನ್ನು ಮನೆಯಿಂದ ಹೊರಗೆ ಎಳೆಯಲೆಂದೇ ಕರೆದಿದ್ದೀಯೆ ಎಂದು ಆಮೇಲೆ ಹೊಳೆಯಿತು. ಸಿಟ್ಟು ಇಳಿದಿದೆ. ಆದರೂ ಬರಲಾರೆ.

ಕಮಲಾ ಇದ್ದಾಳೆ, ಅಷ್ಟೆ. ಬನಶಂಕರಿ ಗುಡ್ಡದ ಆಚೆ ಕಲ್ಲು ಸಿಡಿಸುತ್ತಾರೆ. ಕಿಟಕಿಯ ಗಾಜು ನಡುಗಿದರೆ ಸಾಕು, ಒಲೆಯ ಮೇಲೆ ಏನಿದ್ದರೂ ಬಿಟ್ಟು ಅಂಗಳಕ್ಕೆ ಓಡುತ್ತಾಳೆ. "ಕ್ವಾರಿ ಕಣೇ, ಏನೂ ಆಗಲ್ಲ, ಬಾ ಒಳಗೆ" ಎಂದರೆ, "ನೀವು ಹೇಳ್ಬೇಡಿ ರೀ" ಎನ್ನುತ್ತಾಳೆ. ನಿನ್ನೆಯೂ ಸಾರು ಸೀದುಹೋಯಿತು.

ನನ್ನ ಪಾಠ ನಿನಗೆ ಗೊತ್ತಲ್ಲ. ಮೂವತ್ತು ವರ್ಷ, ಪ್ರತಿ ತಂಡವನ್ನೂ ಲಾಲ್‌ಬಾಗಿನ ಬಂಡೆಯ ಮೇಲೆ ನಿಲ್ಲಿಸಿ "ಒದೀರ್ರೋ ಜೋರಾಗಿ" ಎನ್ನುತ್ತಿದ್ದೆ. ಧಡಧಡ ಒದೆಯುತ್ತಿದ್ದರು. "ಅಲ್ಲಾಡ್ತಾ?" "ಇಲ್ಲಾ ಸಾರ್!" "ಹಿಮಾಲಯ ಎಳೇ ಬೆಟ್ಟ, ಭೂಕಂಪ ಏನಿದ್ರೂ ಅಲ್ಲಿ. ನಮ್ಮ ದಖ್ಖನ್ ಹಳೇ ಗಟ್ಟಿ ಕಲ್ಲು. ನಿಶ್ಚಿಂತೆಯಾಗಿ ಮಲಗಿ." ಆರು ವರ್ಷದ ಗಿರಿಜಾ ಒಮ್ಮೆ ಜೊತೆಗೆ ಬಂದು, ಎಲ್ಲರಿಗಿಂತ ಜೋರಾಗಿ ಒದ್ದು, ಹಿಮ್ಮಡಿ ನೋಯಿಸಿಕೊಂಡು ನನ್ನ ಹೆಗಲ ಮೇಲೆ ಮನೆಗೆ ಬಂದಿದ್ದಳು.

ಅಳಿಯ ಗೌರೀಶಂಕರನಿಗೆ ಕೊಯ್ನಾದ ವಿದ್ಯುತ್ ಕೇಂದ್ರದಲ್ಲಿ ಕೆಲಸ. ಅಣೆಕಟ್ಟೆಯಲ್ಲಿ ನೀರು ತುಂಬಿದಾಗಿನಿಂದ ಅಲ್ಲಿ ನೆಲ ಆಗಾಗ ಗುಡುಗುಟ್ಟಿ ಅದುರುತ್ತಿತ್ತು. ಸೆಪ್ಟೆಂಬರಿನಲ್ಲಿ ಗಿರಿಜಾ ಬರೆದಿದ್ದಳು: 'ಅಪ್ಪಾ, ಪಾತ್ರೆಗಳು ತಾವೇ ಕುಣಿಯುತ್ತವೆ. ನೀರಿನ ಭಾರಕ್ಕೆ ಹೀಗಾಗುತ್ತದೆಯೇ? ಪಕ್ಕದವರು ಹೊರಗೆ ಚಪ್ಪರ ಹಾಕಿಕೊಂಡು ಮಲಗುತ್ತಿದ್ದಾರೆ. ನಾನೂ ಹೊರಗೆ ಮಲಗಲೇ?' ಭೂಗೋಳದ ಮೇಷ್ಟರ ಮಗಳಿಗೆ ಇದೇನು ಪುಕ್ಕಲುತನ ಎನಿಸಿತು. ಅವತ್ತೇ ಉತ್ತರ ಕಳಿಸಿದೆ.

ಮೊನ್ನೆ ಬೈರಸಂದ್ರದಿಂದ ಹಾಲು ತರುವ ಸೊಣ್ಣಮ್ಮ ಕೇಳಿದಳು: "ಅಲ್ಲ ಸ್ವಾಮಿ, ಒಂದು ಸೀಮೆ ನೀರ್ನೆಲ್ಲ ತಂದು ಒಂದೇ ಕಡೆ ಹೊರ್ಸವ್ರೆ. ಭೂಮ್ತಾಯಿ ಸೊಂಟ ಉಳುಕ್ದೆ ಇರ್ತದಾ?" ಹೆಬ್ಬೆಟ್ಟು ಒತ್ತುವ ಹೆಂಗಸು! ಈಗ ವಿಜ್ಞಾನಿಗಳೂ ಅದನ್ನೇ ಚರ್ಚಿಸುತ್ತಿದ್ದಾರೆ. ನೆಲದಡಿ ಹಳೆಯ ಬಿರುಕುಗಳಿರುತ್ತವಂತೆ, ನೀರು ಇಳಿದು ಒತ್ತಿದರೆ ಬಂಡೆ ಜಾರುತ್ತದಂತೆ. ಕೆಲವರು ಅಲ್ಲವೆನ್ನುತ್ತಾರೆ, ಕೆಲವರು ಇನ್ನೂ ಗೊತ್ತಿಲ್ಲ ಎನ್ನುತ್ತಾರೆ. ಗೊತ್ತಿಲ್ಲ ಎಂಬ ಆ ಒಂದು ಮಾತು ನನ್ನ ಬಾಯಲ್ಲಿ ಬರಲಿಲ್ಲವಲ್ಲೋ ಶಾಮಣ್ಣ.

ಪಾಠ ನೀನೇ ಮಾಡು. ನೆಲ ನಡುಗಿದರೆ ಯಾವ ಮೇಷ್ಟರನ್ನೂ ಕೇಳುತ್ತ ಕೂರಬೇಡಿ, ಬಯಲಿಗೆ ಓಡಿ ಎಂದು ಹೇಳು. ನಿನ್ನ ಮಕ್ಕಳು ನೂರು ಕಾಲ ಬಾಳಲಿ. ಶಿವ ನಿಮ್ಮ ಮನೆಯನ್ನು ಕಾಯಲಿ.

ನಿನ್ನ,
ಚನ್ನಬಸವಯ್ಯ

ವಿ.ಸೂ.: ಗಿರಿಜಾಗೆ ಉತ್ತರ ಕಳಿಸಿದೆ ಎಂದೆನಲ್ಲ, ಬೇರೆ ಕಾಗದ ಬರೆದಿರಲಿಲ್ಲ. ನನ್ನ ಚಟ ನಿನಗೆ ಗೊತ್ತು. ಅವಳ ಕಾಗದವನ್ನೇ ಕೆಂಪು ಶಾಯಿಯಲ್ಲಿ ತಿದ್ದಿ, 'ಹೊರಗೆ ಮಲಗಲೇ' ಎಂಬುದನ್ನು ಹೊಡೆದುಹಾಕಿ, 'ದಖ್ಖನ್ ಅಲ್ಲಾಡುವುದಿಲ್ಲ. ಹತ್ತಕ್ಕೆ ಸೊನ್ನೆ' ಎಂದು ಬರೆದು ವಾಪಸು ಕಳಿಸಿದೆ. ಭೂಕಂಪವಾದ ಆ ಬೆಳಗಿನ ಜಾವ ಅಳಿಯ ಪಾಳಿಯಲ್ಲಿದ್ದ, ಉಳಿದುಕೊಂಡ. ಅವನು ಕಳಿಸಿದ ಅವಳ ಟ್ರಂಕ್ ನಿನ್ನೆ ಬಂತು. ಆ ಕಾಗದ ಅದರಲ್ಲಿದೆ. ಚಿಕ್ಕಂದಿನಲ್ಲಿ ತಪ್ಪು ಮಾಡಿದಾಗ ನಾನು ಬರೆಸುತ್ತಿದ್ದ ಹಾಗೆ, ಕೆಂಪು ಅಕ್ಷರದ ಕೆಳಗೆ ಹತ್ತು ಸಲ ಬರೆದಿದ್ದಾಳೆ: 'ನಾನು ಒಳಗೇ ಮಲಗುತ್ತೇನೆ.' ಹತ್ತನೆಯದರ ಪಕ್ಕದಲ್ಲಿ, 'ಈಗ ಸರಿಯೇ ಮೇಷ್ಟ್ರೇ?' ಎಂದು ತಮಾಷೆ.

ಕಮಲಾ ಬೆಳಗಿನಿಂದ ಟ್ರಂಕಿನ ಬೀಗದ ಕೈ ಕೇಳುತ್ತಿದ್ದಾಳೆ.