ಬೇರೆ ಬಾವಿಯ ರಾಟೆ

ಮಾರ್ಚ್ ೧೪, ಶನಿವಾರ

ಸಿಕ್ಕಿಬಿದ್ದೆ. ಆದರೂ ಹೆಮ್ಮೆ ಇಳೀತಾ ಇಲ್ಲ.

ನಮ್ಮ ಸಿನಿಮಾನ ಇವತ್ತು ಅದನ್ನ ತೆಗೆದ ಹಳ್ಳೀಲೇ, ಶಾಲೆ ಗೋಡೆ ಮೇಲೆ ತೋರಿಸಿದೆವು. ಎಂಬತ್ತು ನಿಮಿಷಕ್ಕೆ ಮಾತು ನಾಲ್ಕೇ ನಾಲ್ಕು. ಉಳಿದದ್ದೆಲ್ಲ ನಾನು ಹಿಡಿದ ಸದ್ದು: ಹಾಲು ಕರೆಯೋದು, ಕುಡುಗೋಲು ಮಸೆಯೋದು, ಗಾಳಿ. "ಸಂಗೀತ ಹಾಕದಿದ್ರೆ ಜನ ನಿದ್ದೆ ಹೊಡೀತಾರೆ ಕಣೋ" ಅಂದಿದ್ದ ನಿರ್ದೇಶಕ. ಒಬ್ಬರೂ ಕೆಮ್ಮಲೂ ಇಲ್ಲ.

ಮುಗಿದ ಮೇಲೆ, ಸಿನಿಮಾದಲ್ಲಿ ನೀರು ಸೇದೋ ಅಜ್ಜಿ ನನ್ನ ಹತ್ತಿರ ಬಂದರು. "ಕೈಯೇನೋ ನಂದೇ ಮಗಾ. ರಾಟೆ ಸದ್ದು ಮಾತ್ರ ನಮ್ಮ ಬಾವೀದಲ್ಲ, ಕೆಳಗಿನ ಬೀದೀದು."

ನಿಜ. ಅವತ್ತು ಶೂಟಿಂಗಲ್ಲಿ ಮೈಕ್ ಕೈಕೊಟ್ಟಿತ್ತು, ಕೆಳಗಿನ ಬೀದಿ ಬಾವಿಯ ಸದ್ದು ಅಂಟಿಸಿದ್ದೆ. ಎಷ್ಟು ಊರಲ್ಲಿ ತೋರಿಸಿದ್ದೀವಿ, ಒಂದು ನರಪಿಳ್ಳೆಗೂ ಗೊತ್ತಾಗಿರಲಿಲ್ಲ. ನನ್ನ ಕೆಲಸಾನ ಇಷ್ಟು ಕಿವಿಗೊಟ್ಟು ಕೇಳಿದವರು ಇವರೇ ಮೊದಲು. ತಪ್ಪು ಹಿಡಿಸಿಕೊಂಡೂ ಇಷ್ಟು ಬೀಗಿದ್ದು ಇದೇ ಮೊದಲು.

ನಾಳೆ ಬೆಳಿಗ್ಗೆ ಆರಕ್ಕೆ ನನಗೋಸ್ಕರ ಇನ್ನೊಂದು ಸಲ ನೀರು ಸೇದ್ತಾರಂತೆ. "ಬಾ, ಎಲ್ಲಾ ಚೊಕ್ಕ ಮಾಡಿಟ್ಟಿರ್ತೀನಿ" ಅಂದರು.

ಅಯ್ಯೋ! ರಾಟೆಗೆ ಎಣ್ಣೆಗಿಣ್ಣೆ ಬಿಟ್ಟು ಸದ್ದೇ ನಿಲ್ಲಿಸಿಬಿಟ್ಟರೆ? ಐದಕ್ಕೇ ಹೋಗಿ ಬಾವಿಕಟ್ಟೆ ಮೇಲೆ ಕೂತಿರಬೇಕು.