ಅಪ್ಪನ ಫಿಯೆಟ್‌ಗೆ ಹೊಸ ಸಿಲಿಂಡರ್

ದುಂಡೇಶ,

ನಾನು ದವಾಖಾನೆಗೆ, ಅಪ್ಪನ ಹತ್ತಿರ ಹೊರಟೆ. ನೀನು ಇವತ್ತೇ ಬಾಗಲಕೋಟೆಗೆ ಹೋಗಿ ಅಪ್ಪನ ಹಳೇ ಫಿಯೆಟ್‌ಗೆ ಬೆಂಕಿ ಆರಿಸುವ ಸಿಲಿಂಡರ್ ತಾ. ಪುಡಿ ತುಂಬಿದ್ದು ಬೇಡ, ಅದು ಎಂಜಿನ್ ಕೆಡಿಸುತ್ತದೆ. ಗ್ಯಾಸಿನದು ಕೇಳು. ಒತ್ತಡ ತೋರಿಸುವ ಮುಳ್ಳು ಹಸಿರು ಬಣ್ಣದ ಮೇಲಿದೆಯೇ ನೋಡಿಕೋ.

ಹಳೆಯದರಲ್ಲಿದ್ದ ಪುಡಿಯನ್ನು ಹೋಳಿಯಲ್ಲಿ ಗೆಳೆಯರ ಮೇಲೆ ಹಾರಿಸಿ, ಖಾಲಿ ಡಬ್ಬಿಯನ್ನು ಸೀಟಿನ ಕೆಳಗೆ ಇಟ್ಟವನು ನೀನು. ಕಮತಗಿ ಹತ್ತಿರ ಬಾನೆಟ್ಟಿಗೆ ಬೆಂಕಿ ಹತ್ತಿದಾಗ ಅಪ್ಪ ಅದನ್ನು ಒತ್ತಿದರೆ ಏನೂ ಬರಲಿಲ್ಲ. ಬರಿಗೈಯಿಂದ ಬಡಿದು ಆರಿಸಿ ಕೈ ಸುಟ್ಟುಕೊಂಡ. "ನಂದ ತಪ್ಪು, ನಾ ನೋಡಿ ಇಟ್ಕೋಬೇಕಿತ್ತು" ಎಂದು ಅವನು ನರಳುವಾಗಲೂ ನೀನು ಬಾಯಿ ಬಿಡಲಿಲ್ಲ.

ನಿನ್ನೆ ನಾನೇ ಹೇಳಿಬಿಟ್ಟೆ. ಅಪ್ಪ, "ಗಾಡಿ ಕೀಲಿ ನೀನ ಇಟ್ಕೋ ರೋಹಿಣಿ, ಅವಗ ಕೊಡಬ್ಯಾಡ" ಅಂದ. ನನ್ನ ಹೊಟ್ಟೆ ತಣ್ಣಗಾಯಿತು.

ಬಸ್ಸಿಗೆ ಹೋಗು.

ಅಕ್ಕ